ಏರದ ನಾಲ್ಕನೇ ಗುಂಡು

ಹಟ್ಟಿಯ ಚಿನ್ನದ ಗಣಿಯ ಸೈರನ್ ಪಾಳಿ ಬದಲಾಗುವಾಗ ಕೂಗಿದರೆ ಯಾರೂ ತಲೆ ಎತ್ತುತ್ತಿರಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಕೂಗಿತೆಂದರೆ ಕ್ವಾರ್ಟರ್ಸಿನ ಹೆಂಗಸರೆಲ್ಲ ಕೈಯಲ್ಲಿದ್ದದ್ದನ್ನು ಬಿಟ್ಟು ಬೀದಿಗೆ ಬಂದು ನಿಲ್ಲುತ್ತಿದ್ದರು. ಪಂಪಾವತಿ ಬೆಳೆದದ್ದು ಆ ಬೀದಿಯಲ್ಲಿ. ಅಪ್ಪ ಆದೆಪ್ಪ ನೆಲದಡಿಯಲ್ಲಿ ಕೆಲಸ ಮಾಡುತ್ತಿದ್ದ. ಅವ್ವ ಪಾರ್ವತೆಮ್ಮನ ಸೆರಗು ಹಿಡಿದು ನಿಂತು, ತಿರುವಿನಲ್ಲಿ ಅಪ್ಪನ ಟೋಪಿ ಕಾಣುವವರೆಗೆ ಉಸಿರು ಬಿಗಿಹಿಡಿಯುವುದನ್ನು ಆಕೆ ಅಕ್ಷರಕ್ಕಿಂತ ಮೊದಲೇ ಕಲಿತಿದ್ದಳು. ಅಂಥ ಅಂಜುಬುರುಕಿ ಹುಡುಗಿ ಪೊಲೀಸಾದದ್ದು ಹೇಗೆಂದು ಕೇಳಿದರೆ ಆಕೆಯ ಹತ್ತಿರ ದೊಡ್ಡ ಉತ್ತರವೇನೂ ಇರಲಿಲ್ಲ. ಓಟದಲ್ಲಿ ಪಾಸಾದಳು, ಪರೀಕ್ಷೆಯಲ್ಲಿ ಪಾಸಾದಳು, ಆದೇಶ ಬಂತು, ಸೇರಿದಳು.

ಸಶಸ್ತ್ರ ಪಡೆಯಲ್ಲಿ ಹನ್ನೊಂದು ವರ್ಷ ಕಳೆದಿದ್ದವು. ಖಜಾನೆಯ ಬಾಗಿಲು ಕಾದಿದ್ದಳು, ಪ್ರಶ್ನೆಪತ್ರಿಕೆಯ ಪೆಟ್ಟಿಗೆಯ ಜೊತೆ ಜೀಪಿನಲ್ಲಿ ತಿರುಗಿದ್ದಳು, ಮತಯಂತ್ರಗಳಿದ್ದ ಶಾಲೆಯ ವರಾಂಡದಲ್ಲಿ ನಿಂತಿದ್ದಳು. ಎಲ್ಲೆಡೆಯೂ ಹೆಗಲಿಗೆ ಉದ್ದನೆಯ ರೈಫಲ್. ಅದನ್ನು ಕಂಡರೆ ಸಾಕು, ಜನ ತಾವಾಗಿಯೇ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಅದರಿಂದ ಗುಂಡು ಹಾರಿಸುವ ಪ್ರಸಂಗ ಆಕೆಗೆ ಒಮ್ಮೆಯೂ ಬಂದಿರಲಿಲ್ಲ.

ಮೂವತ್ತೈದನೆಯ ವರ್ಷದಲ್ಲಿ ಬೇರೆ ಥರದ ಕೆಲಸ ಬಂತು. ಸಿಂಧನೂರಿನ ಗಂಗಾವತಿ ರಸ್ತೆಯಲ್ಲಿ ಜುಬೇದಾಬೀ ಎಂಬಾಕೆ ಒಗ್ಗರಣೆ ಮಂಡಕ್ಕಿ, ಮಿರ್ಚಿ, ಚಹಾದ ಸಣ್ಣ ಹೋಟೆಲು ನಡೆಸುತ್ತಿದ್ದಳು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಮರಳು ಸಾಗಿಸುವ ಎರಡು ಗುಂಪಿನ ಜಗಳದಲ್ಲಿ, ಹಾಡಹಗಲು ಹನ್ನೊಂದು ಗಂಟೆಗೆ, ಆಕೆಯ ಬೆಂಚಿನ ಮೇಲೆ ಚಹಾ ಕುಡಿಯುತ್ತ ಕೂತಿದ್ದ ಹುಲಿಗೇಶ ಎಂಬ ಟಿಪ್ಪರ್ ಚಾಲಕನನ್ನು ಮೂವರು ಕೊಚ್ಚಿ ಕೊಂದಿದ್ದರು. ಅಲ್ಲಿದ್ದ ಇಪ್ಪತ್ತು ಜನರಲ್ಲಿ ಹತ್ತೊಂಬತ್ತು ಜನ ತಾವು ಏನೂ ನೋಡಿಲ್ಲ ಎಂದರು. ಜುಬೇದಾಬೀ ಮಾತ್ರ ನೋಡಿದ್ದೇನೆ ಎಂದಳು, ಮೂವರನ್ನೂ ಗುರುತಿಸಿದಳು. ಮೂವರೂ ಜಾಮೀನಿನ ಮೇಲೆ ಹೊರಗೆ ಬಂದರು. ಲಿಂಗಸುಗೂರಿನ ಕೋರ್ಟಿನಲ್ಲಿ ಸಾಕ್ಷಿ ಹೇಳುವ ದಿನಕ್ಕೆ ಇನ್ನೂ ಹತ್ತೊಂಬತ್ತು ದಿನಗಳಿದ್ದವು. ಅಲ್ಲಿಯವರೆಗೆ ಆಕೆಯ ನೆರಳಿನಂತೆ ಇರಲು, ಒಂಟಿ ಹೆಂಗಸಿನ ಮನೆಯಲ್ಲಿ ಹಗಲು ರಾತ್ರಿ ಇರಬೇಕಾದ್ದರಿಂದ, ಒಬ್ಬ ಮಹಿಳಾ ಕಾನ್‌ಸ್ಟೆಬಲ್ ಬೇಕಾಗಿತ್ತು.

ಇಂಥ ಕೆಲಸಕ್ಕೆ ರೈಫಲ್ ಆಗುವುದಿಲ್ಲ, ಪಿಸ್ತೂಲು ಬೇಕು. ಆಗಷ್ಟೇ ಹೊಸ ಪಿಸ್ತೂಲುಗಳ ಪೆಟ್ಟಿಗೆಗಳು ಬಂದಿದ್ದವು. ಪಂಪಾವತಿಯ ಕೈಗೆ ಒಂದು ಕೊಟ್ಟು ಸಹಿ ಮಾಡಿಸಿಕೊಂಡರು. ಜೊತೆಗೆ ಗುಂಡು ತುಂಬುವ ಎರಡು ಮ್ಯಾಗಝೀನ್. ಪ್ಯಾಕಿಂಗಿನ ಕಂದು ಗ್ರೀಸು ಇನ್ನೂ ಸಂದುಗಳಲ್ಲಿ ಅಂಟಿಕೊಂಡಿತ್ತು. ಅಂದೇ ಬೆಳಿಗ್ಗೆ ಹತ್ತು ಗುಂಡಿನ ಅಭ್ಯಾಸ. ಹೊಸ ಆಯುಧವೆಂಬ ಅಳುಕಿನಲ್ಲಿ ಆಕೆ ಅದರ ಮೇಲ್ಭಾಗದ ಸ್ಲೈಡನ್ನು ಹಿಂದಕ್ಕೆ ಎಳೆದು, ಕೈ ಬಿಡದೆ, ತೊಟ್ಟಿಲಿಗೆ ಕೂಸು ಹಾಕುವಂತೆ ನಿಧಾನವಾಗಿ ಮುಂದಕ್ಕೆ ತಂದಳು. ಅದು ಕೂದಲೆಳೆಯಷ್ಟು ದೂರ ಉಳಿದು ನಿಂತಿತು. ಅಂಗೈಯಿಂದ ತಟ್ಟಿದ ಮೇಲೆ ಕೂತಿತು. ಐದು ಗುಂಡು ಹಾರಿದವು. ಎರಡನೆಯ ಮ್ಯಾಗಝೀನ್ ಹಾಕಿದಾಗ ಮೂರು ಹಾರಿದವು, ನಾಲ್ಕನೆಯದು ಏರಲಿಲ್ಲ. ಗುಂಡಿನ ಮೂತಿ ಮೇಲಕ್ಕೆ ಎದ್ದು, ಅರ್ಧ ಒಳಗೆ ಅರ್ಧ ಹೊರಗೆ, ಬಾಗಿಲ ಸಂದಿಗೆ ಸಿಕ್ಕ ಬೆರಳಿನಂತೆ ಕಚ್ಚಿಕೊಂಡಿತು.

ತರಬೇತಿ ಕೊಡುತ್ತಿದ್ದ ಹವಾಲ್ದಾರ ಬಂದು ನೋಡಿ, ಗುಂಡನ್ನು ಕಿತ್ತು ತೆಗೆದ.

"ಮಣಿಕಟ್ಟು ಸಡ್ಲ ಬಿಟ್ಟೀರಿ. ಹೆಣ್ಮಕ್ಕಳ ಕೈ, ಹಿಂಗಾ ಆಕ್ಕೈತಿ. ಗಟ್ಟಿ ಹಿಡೀರಿ."

"ಗಟ್ಟಿನೇ ಹಿಡಿದಿದ್ದೆ ಸರ್."

"ಇನ್ನೂ ಗಟ್ಟಿ ಹಿಡೀರಿ. ಸರೀರಿ, ಹಿಂದಿನವರು ಬರಲಿ."

ಸಾಲಿನಲ್ಲಿದ್ದ ಗಂಡಸರು ನಕ್ಕರು. ಪಂಪಾವತಿ ಸರಿದಳು. ಮಧ್ಯಾಹ್ನದ ಹೊತ್ತಿಗೆ ಸಿಂಧನೂರಿನ ಬಸ್ಸಿನಲ್ಲಿದ್ದಳು. ಸೊಂಟದಲ್ಲಿದ್ದ ಭಾರವನ್ನು ನೆನೆದಾಗಲೆಲ್ಲ ಆ ಎದ್ದ ಮೂತಿಯೇ ಕಣ್ಣಿಗೆ ಕಟ್ಟುತ್ತಿತ್ತು.

ಜುಬೇದಾಬೀ ಐವತ್ತೆಂಟರ ಹೆಂಗಸು. ಬಾಗಿಲಲ್ಲೇ ನಿಂತು ಆಕೆಯನ್ನು ಮೇಲಿನಿಂದ ಕೆಳಗೆ ನೋಡಿದಳು.

"ಒಬ್ಬಾಕಿನೇ ಬಂದಿಯೇನ ಬೇಟಿ?"

"ಹೌದು ಚಾಚಿ."

"ಪಿಸ್ತೂಲ ತಂದಿಯಲ್ಲ?"

"ತಂದೀನಿ."

"ಹಂಗಾರ ಬಾ, ಉಣ್ಣು ಮೊದ್ಲ."

ಆ ರಾತ್ರಿ ಜುಬೇದಾಬೀ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಪಂಪಾವತಿ ಮಲಗಲಿಲ್ಲ. ಮರುದಿನವೂ ಸರಿಯಾಗಿ ನಿದ್ದೆ ಬರಲಿಲ್ಲ.

ಹೋಟೆಲು ಬೆಳಿಗ್ಗೆ ಆರಕ್ಕೆ ತೆರೆಯುತ್ತಿತ್ತು. ಭತ್ತದ ಲಾರಿಯವರು, ಅಕ್ಕಿ ಗಿರಣಿಯ ಹಮಾಲರು, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಿಂದ ತೆಲುಗು ಮಾತಾಡುತ್ತ ಬರುವ ರೈತರು, ಎಲ್ಲರೂ ಅಲ್ಲಿಗೇ. ಪಂಪಾವತಿ ಗೋಡೆಗೆ ಬೆನ್ನು ಕೊಟ್ಟು ಸಾದಾ ಚೂಡಿದಾರದಲ್ಲಿ ಕೂರುತ್ತಿದ್ದಳು. ಪಿಸ್ತೂಲು ಸೊಂಟದಲ್ಲಿ, ದುಪಟ್ಟಾದ ಕೆಳಗೆ. ನಿಯಮದಂತೆ ಮ್ಯಾಗಝೀನ್ ಒಳಗಿದ್ದರೂ ನಳಿಕೆಯಲ್ಲಿ ಗುಂಡು ಇರುವಂತಿರಲಿಲ್ಲ. ಅಂದರೆ ಪ್ರಸಂಗ ಬಂದರೆ ಹೊರತೆಗೆಯಬೇಕು, ಸ್ಲೈಡ್ ಎಳೆಯಬೇಕು, ಗುಂಡು ಏರಬೇಕು. ಏರದಿದ್ದರೆ? ಹಾಗೆ ಲೆಕ್ಕ ಹಾಕುತ್ತ ಹಾಕುತ್ತ ಆಕೆಯ ಕೈ ತಾನಾಗಿಯೇ ದುಪಟ್ಟಾದ ಕೆಳಗೆ ಹೋಗುತ್ತಿತ್ತು.

ಮೂರನೆಯ ದಿನ ಒಬ್ಬ ಬಂದ. ಮೂವತ್ತರ ಆಸುಪಾಸಿನವ, ಹಳದಿ ಅಂಗಿ. ಒಂದು ಪ್ಲೇಟ್ ಒಗ್ಗರಣೆ ಮಂಡಕ್ಕಿ ತೆಗೆದುಕೊಂಡು, ಹುಲಿಗೇಶ ಕೂತಿದ್ದ ಅದೇ ಬೆಂಚಿನಲ್ಲಿ ಕೂತು, ಅವಸರವಿಲ್ಲದೆ ತಿಂದ. ಕೈ ತೊಳೆದುಕೊಳ್ಳುವಾಗ ಜುಬೇದಾಬೀಯ ಕಡೆ ನೋಡಿ, "ಉಪ್ಪು ಕಮ್ಮಿ ಐತಿ, ಅಮ್ಮಾ" ಎಂದ. ಅಷ್ಟೇ. ಮರುದಿನ ಅದೇ ಹೊತ್ತಿಗೆ ಬಂದ. ಅದರ ಮರುದಿನವೂ ಬಂದ. ಬೈಕಿನ ನಂಬರಿಗೆ ಕೆಸರು ಮೆತ್ತಿತ್ತು. ಠಾಣೆಗೆ ಹೇಳಿದಾಗ ಬಂದು ವಿಚಾರಿಸಿದರು. ಆತನಿಗೂ ಆರೋಪಿಗಳಿಗೂ ಸಂಬಂಧವಿದೆಯೆಂದು ತೋರಿಸಲು ಏನೂ ಸಿಗಲಿಲ್ಲ. ಹೋಟೆಲಿನಲ್ಲಿ ತಿಂಡಿ ತಿನ್ನುವುದು ಅಪರಾಧವೂ ಅಲ್ಲ.

"ಅಂವ ಯಾಕ ಬರ್ತಾನ ಗೊತ್ತೇನು?" ಜುಬೇದಾಬೀ ಮೆಣಸಿನಕಾಯಿ ಸೀಳುತ್ತ ಹೇಳಿದಳು. "ನನ್ನ ಕೈ ನಡುಗ್ತೈತೇನು ನೋಡಾಕ."

ಆಕೆಯ ಕೈ ನಡುಗುತ್ತಿರಲಿಲ್ಲ. ಪಂಪಾವತಿಯ ಕೈ ಮತ್ತೆ ದುಪಟ್ಟಾದ ಕೆಳಗೆ ಹೋಗಿತ್ತು.

ವಾರಕ್ಕೊಮ್ಮೆ ಅರ್ಧ ದಿನ ಬಿಡುವು. ಅಂಜಲಿ ಎಂಬ ಕಾನ್‌ಸ್ಟೆಬಲ್ ಬಂದು ಕೂತಾಗ ಪಂಪಾವತಿ ಹಟ್ಟಿಗೆ ಹೋದಳು. ಆದೆಪ್ಪ ನಿವೃತ್ತನಾಗಿ ಅಲ್ಲೇ ಎರಡು ಕೋಣೆಯ ಮನೆ ಕಟ್ಟಿಕೊಂಡಿದ್ದ. ಬುದ್ಧನ ಚಿತ್ರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದ ಅಪ್ಪನಿಗೆ ಎಲ್ಲವನ್ನೂ ಹೇಳಿದಳು. ಗಂಡನಿಗೂ ಹೇಳಿರದಿದ್ದ ಮಾತು.

"ನಿನ್ನ ಕೈಯಾಗ ತಪ್ಪೈತಿ ಅಂತ ಯಾರು ಹೇಳಿದ್ರು?"

"ಹವಾಲ್ದಾರ್ ಸಾಹೇಬ್ರು."

"ಅವ್ರು ಬಡದು ನೋಡಿದ್ರೇನು?"

ಪಂಪಾವತಿಗೆ ಅರ್ಥವಾಗಲಿಲ್ಲ. ಆದೆಪ್ಪ ಕೆಮ್ಮಿ, ಗಂಟಲು ಸರಿಮಾಡಿಕೊಂಡು ಹೇಳಿದ. "ಕೆಳಗ ಹೋದ ಕೂಡ್ಲೇ ನಾವು ಕೆಲ್ಸಕ್ಕ ಕೈ ಹಚ್ತಿರಲಿಲ್ಲ. ಮ್ಯಾಲಿನ ಕಲ್ಲಿಗೆ ಕಬ್ಬಿಣದ ಹಾರಿಲೆ ಬಡೀತಿದ್ವಿ. ಗಟ್ಟಿ ಇದ್ರ ಒಂದು ಸಪ್ಪಳ, ಪೊಳ್ಳಿದ್ರ ಒಂದು ಸಪ್ಪಳ. ಒಂದು ಕಡೆ ಬಡದು ಪೂರಾ ಹಂಗೈತಿ ಅಂತ ತಿಳೀಬಾರ್ದು. ಗೇಣು ಗೇಣಿಗೆ ಬಡೀಬೇಕು. ನೀ ಆ ಪಿಸ್ತೂಲಿನ ಯಾವ ಕಡೆ ಬಡದು ನೋಡೀದಿ?"

"ಯಾವ ಕಡೆನೂ ಇಲ್ಲಪ್ಪ. ಅದನ್ನ ಮುಟ್ಟಾಕ ಅಂಜಿಕಿ ಬರ್ತೈತಿ."

"ನನಗೂ ಬರ್ತಿತ್ತು. ದಿನಾ ಬರ್ತಿತ್ತು" ಎಂದ ಆದೆಪ್ಪ. ಮೂವತ್ತೈದು ವರ್ಷದಲ್ಲಿ ಅಪ್ಪನ ಬಾಯಿಂದ ಆ ಮಾತು ಬಂದದ್ದನ್ನು ಪಂಪಾವತಿ ಕೇಳಿರಲಿಲ್ಲ. ಆತ ಪಿಸ್ತೂಲನ್ನು ಮಾತ್ರ ಮುಟ್ಟಲಿಲ್ಲ, ನೋಡಲೂ ಇಲ್ಲ. ಆಕೆ ಹೊರಡುವಾಗ ಚಪ್ಪಲಿ ಮೆಟ್ಟಿಕೊಂಡು ಬಸ್ಸಿನವರೆಗೂ ಬಂದ.

ಶಿವಕಾಂತ ಎಂಬ ಆರ್ಮರರ್ ಇದ್ದ. ಆಯುಧಗಳ ರಿಪೇರಿಯೇ ಆತನ ಕಸುಬು. ಠಾಣೆಗಳ ಬಂದೂಕುಗಳನ್ನು ಪರೀಕ್ಷಿಸಲು ಆ ವಾರ ಲಿಂಗಸುಗೂರಿಗೆ ಬರುತ್ತಾನೆಂದು ತಿಳಿದು, ಪಂಪಾವತಿ ಅನುಮತಿ ಕೇಳಿ, ಠಾಣೆಯವರನ್ನು ಕಾವಲಿಗೆ ಬಿಟ್ಟು ಹೋದಳು. ನಿವೃತ್ತಿಗೆ ಎರಡು ವರ್ಷವಿದ್ದ ಮನುಷ್ಯ, ದಪ್ಪ ಕನ್ನಡಕ, ಮಾತು ಕಡಿಮೆ. ಆಕೆ ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದ. ಆಮೇಲೆ ಒಂದು ನೋಟ್‌ಬುಕ್ಕು ಅವಳ ಮುಂದೆ ಸರಿಸಿದ.

"ಬರ್ಕೋತ ಹೋಗ್ರಿ. ಮೊದಲ್ನೇ ಗುಂಡು ಪೂರ್ತಿ ಕೂಡ್ಲಿಲ್ಲ ಅಂದ್ರಿ. ಅದೊಂದು ರೋಗ. ನಾಲ್ಕನೇದು ಸಿಕ್ಕೊಂತು ಅಂದ್ರಿ. ಅದು ಬ್ಯಾರೆ ರೋಗ ಇರಬೇಕು. ಎರಡನ್ನೂ ಒಂದ ಮಾಡಬ್ಯಾಡ್ರಿ."

ಮೊದಲು ಪಿಸ್ತೂಲನ್ನು ಬಿಚ್ಚಿಸಿದ. ಬಿಚ್ಚಿದ್ದು ಅವನಲ್ಲ, ಆಕೆ. ಪ್ಯಾಕಿಂಗಿನ ಗ್ರೀಸು ಒಳಗೆಲ್ಲ ಮೇಣದಂತೆ ಗಟ್ಟಿಯಾಗಿತ್ತು. ಅದನ್ನು ಬ್ರಷ್ಷಿನಿಂದ ಉಜ್ಜಿ ತೊಳೆದು, ಒರೆಸಿ, ತೆಳುವಾಗಿ ಎಣ್ಣೆ ಸವರುವುದಕ್ಕೇ ಒಂದು ಗಂಟೆ ಹಿಡಿಯಿತು. ಎರಡೂ ಮ್ಯಾಗಝೀನಿನ ತಳಕ್ಕೆ ಬಿಳಿ ಬಣ್ಣದಲ್ಲಿ ಒಂದು, ಎರಡು ಎಂದು ಬರೆಯಿಸಿದ. ಮದ್ದಿಲ್ಲದ ಡಮ್ಮಿ ಗುಂಡುಗಳನ್ನು ತುಂಬಿಸಿ, "ಈಗ ಎಳೀರಿ" ಎಂದ.

ಆಕೆ ಎಳೆದಳು. ಕೈ ಹಿಡಿದುಕೊಂಡೇ ಮುಂದೆ ತಂದಳು. ಸ್ಲೈಡ್ ಕೂದಲೆಳೆಯಷ್ಟು ಮೊದಲೇ ನಿಂತಿತು.

"ನೋಡ್ರಿ, ಈ ತಪ್ಪು ನಿಮ್ದ. ಅವತ್ತು ಗ್ರೀಸಿಂದೂ ಪಾಲಿತ್ತು, ಆದ್ರ ನಿಮ್ದೂ ಐತಿ. ಅದಕ್ಕ ಒಳಗ ಸ್ಪ್ರಿಂಗ್ ಐತಿ, ಅದು ತಾನ ಓಡಿ ಹೋಗಿ ಗುಂಡು ಒಯ್ದು ಕೂಡ್ಸಬೇಕು. ನೀವು ಅಂಜಿ ಕೈ ಹಿಡೀತೀರಿ. ಪೂರಾ ಹಿಂದಕ್ಕ ಎಳ್ದು, ಬಿಟ್ಟುಬಿಡ್ರಿ."

ಬಿಡುವುದು ಅಷ್ಟು ಸುಲಭವಿರಲಿಲ್ಲ. ಆ ಲೋಹದ ಸಪ್ಪಳಕ್ಕೆ ಪ್ರತಿ ಸಲವೂ ಆಕೆಯ ಭುಜ ಕುಣಿಯುತ್ತಿತ್ತು. ಐವತ್ತು ಸಲ ಎಳೆದು ಬಿಟ್ಟ ಮೇಲೆ ಕುಣಿಯುವುದು ಕಡಿಮೆಯಾಯಿತು. ಮ್ಯಾಗಝೀನನ್ನು ತೂರಿಸಿ ಸುಮ್ಮನಾಗದೆ, ಅಂಗೈಯಿಂದ ತಳಕ್ಕೆ ಗುದ್ದಿ, ಕೊಂಡಿ ಕಚ್ಚಿತೇ ಎಂದು ಒಮ್ಮೆ ಜಗ್ಗಿ ನೋಡುವುದನ್ನೂ ಕಲಿಸಿದ.

ಮೊದಲ ಮ್ಯಾಗಝೀನ್ ಹತ್ತು ಸಲದಲ್ಲಿ ಒಮ್ಮೆಯೂ ತಪ್ಪಲಿಲ್ಲ. ಎರಡನೆಯದು ಹತ್ತರಲ್ಲಿ ಆರು ಸಲ ಕಚ್ಚಿಕೊಂಡಿತು. ಪಂಪಾವತಿ ಎಳೆದಾಗಲೂ, ಶಿವಕಾಂತ ಎಳೆದಾಗಲೂ. ಆತ ಕನ್ನಡಕ ಹಣೆಗೇರಿಸಿ, ಮ್ಯಾಗಝೀನಿನ ಬಾಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಗುಂಡನ್ನು ಹಿಡಿದಿಡುವ ಎರಡು ತಗಡಿನ ಅಂಚುಗಳಲ್ಲಿ ಒಂದು ಹೊರಕ್ಕೆ ತೆರೆದಿತ್ತು. ಎಷ್ಟೆಂದರೆ, ಪಕ್ಕದಲ್ಲಿ ಸರಿಯಾದದ್ದನ್ನು ಇಟ್ಟು ನೋಡಿದರೆ ಮಾತ್ರ ತಿಳಿಯುವಷ್ಟು.

"ಇಲ್ಲಿಂದ ಗುಂಡು ಹೊತ್ತಿಗೆ ಮುಂಚೆ ಮೂತಿ ಎತ್ತಾಕತ್ತೈತಿ. ಇದು ಮಾಡಿದವರ ತಪ್ಪು. ನಿಮ್ಮ ಮಣಿಕಟ್ಟಿಂದಲ್ಲ."

ಅದನ್ನು ತಾನೇ ಬಗ್ಗಿಸಿ ಸರಿಮಾಡಲು ಆತ ಒಪ್ಪಲಿಲ್ಲ. ಒಮ್ಮೆ ತೆರೆದದ್ದನ್ನು ಬಗ್ಗಿಸಿದರೆ ಮತ್ತೆ ಯಾವಾಗ ತೆರೆಯುತ್ತದೆಂದು ಹೇಳಲಾಗದು ಎಂದು ಕೆಂಪು ಚೀಟಿ ಕಟ್ಟಿ ತೆಗೆದಿಟ್ಟ. ಬದಲಿ ಬರಲು ತಿಂಗಳಾದರೂ ಬೇಕು. ಮೇಲಿನವರಿಗೆ ಫೋನು ಮಾಡಿ ಮೂವತ್ತು ಗುಂಡಿಗೆ ಒಪ್ಪಿಗೆ ಪಡೆದು, ಊರಾಚೆ ಗುಡ್ಡದ ಬುಡದಲ್ಲಿ ಆಕೆಯಿಂದಲೇ ಹಾರಿಸಿದ. ಒಂದು ನಂಬರಿನ ಮ್ಯಾಗಝೀನಿನಲ್ಲಿ ಮೂವತ್ತಕ್ಕೆ ಮೂವತ್ತೂ ಹಾರಿದವು.

"ಇನ್ನು ಅಂಜೂದಿಲ್ಲಲ್ಲ?"

"ಮೂವತ್ತೊಂದನೇದು ಹೆಂಗೋ ಏನೋ ಸರ್" ಎಂದಳು ಪಂಪಾವತಿ.

ಶಿವಕಾಂತ ನಗಲಿಲ್ಲ. "ಹೌದು, ಅದನ್ನ ನಾನೂ ಹೇಳಾಕ ಬರಂಗಿಲ್ಲ" ಎಂದ.

ಸಾಕ್ಷಿಯ ದಿನ ಬೆಳಿಗ್ಗೆ ಎಂಟಕ್ಕೆ ಸಿಂಧನೂರಿನಿಂದ ಹೊರಟರು. ಇಲಾಖೆಯ ಜೀಪು, ಚಾಲಕ ದುರುಗೇಶ, ಹಿಂದಿನ ಸೀಟಿನಲ್ಲಿ ಜುಬೇದಾಬೀ ಮತ್ತು ಪಂಪಾವತಿ. ಕಾಲುವೆಯ ನೀರು ನಿಂತ ಹಸಿರು ಗದ್ದೆಗಳು ಮುಗಿದು ಕಪ್ಪು ನೆಲ ಶುರುವಾಯಿತು. ಜುಬೇದಾಬೀ ಹೊಸ ಬುರ್ಖಾ ತೊಟ್ಟು, ತುಟಿಯಲ್ಲಿ ಏನೋ ಓದಿಕೊಳ್ಳುತ್ತಿದ್ದಳು. ಮಸ್ಕಿ ದಾಟಿ ಐದಾರು ಕಿಲೋಮೀಟರ್ ಆದ ಮೇಲೆ ಒಮ್ಮೆಗೇ ಬಾಯಿಗೆ ಕೈ ಅಡ್ಡ ಹಿಡಿದಳು.

"ನಿಂದ್ರಸು. ವಾಂತಿ ಬರಾಕತ್ತೈತಿ."

ನಿಲ್ಲಿಸಬಾರದೆಂದು ಹೇಳಿ ಕಳಿಸಿದ್ದರು. ಆದರೆ ಆಕೆ ಬಾಗಿಲ ಹಿಡಿಗೆ ಕೈ ಹಾಕಿಯೇ ಬಿಟ್ಟಿದ್ದಳು. ದುರುಗೇಶ ಹತ್ತಿಯ ಹೊಲದ ಪಕ್ಕ ನಿಲ್ಲಿಸಿದ. ಜುಬೇದಾಬೀ ಇಳಿದು, ಬಗ್ಗಿ, ಕಾಲುದಾರಿಯ ಅಂಚಿನಲ್ಲಿ ಕಾರಿಕೊಂಡಳು. ಹತ್ತೊಂಬತ್ತು ದಿನ ನಡುಗದ ಹೆಂಗಸಿನ ಬೆನ್ನು ಈಗ ಗಡಗಡ ನಡುಗುತ್ತಿತ್ತು. ಪಂಪಾವತಿ ಒಂದು ಕೈಯಲ್ಲಿ ಆಕೆಯ ಹಣೆ ಹಿಡಿದು ರಸ್ತೆ ನೋಡಿದಳು.

ಮಸ್ಕಿಯ ಕಡೆಯಿಂದ ಒಂದು ಬೈಕು ಬರುತ್ತಿತ್ತು. ಇಬ್ಬರು. ದಾಟಿ ಹೋಗುತ್ತದೆ ಎಂದುಕೊಂಡಳು. ಅದು ಜೀಪಿನಿಂದ ಹತ್ತು ಮಾರು ಹಿಂದೆಯೇ ವೇಗ ತಗ್ಗಿಸಿ ನಿಂತಿತು. ಓಡಿಸುತ್ತಿದ್ದವನು ಹೆಲ್ಮೆಟ್ಟಿನ ಗಾಜು ಎತ್ತಿದ. ಹೋಟೆಲಿಗೆ ಬರುತ್ತಿದ್ದವನೇ. ಹಿಂದೆ ಕೂತವನ ತೊಡೆಯ ಮೇಲೆ ಒಂದು ಚೀಲ. ಆತನ ಬಲಗೈ ಚೀಲದ ಒಳಗಿತ್ತು.

ಪಂಪಾವತಿ ಜುಬೇದಾಬೀಯ ಹೆಗಲು ಹಿಡಿದು ಜೀಪಿನ ಮುಂಭಾಗದ ಮರೆಗೆ ನೂಕಿದಳು. ಪಿಸ್ತೂಲು ಕೈಗೆ ಬಂದದ್ದು ಆಕೆಗೆ ತಿಳಿಯಲಿಲ್ಲ. ತಿಳಿದದ್ದು ಸ್ಲೈಡಿನ ಮೇಲೆ ತನ್ನ ಎಡಗೈ ಇರುವುದು, ಮತ್ತು ಆ ಕೈ ಬಿಡಲು ಒಪ್ಪದಿರುವುದು. ಪೂರಾ ಹಿಂದಕ್ಕೆ ಎಳೆದಳು. ಬಿಟ್ಟಳು.

ಸ್ಲೈಡ್ ಓಡಿ ಹೋಗಿ ಕೂತಿತು. ಆ ಬಯಲಿನಲ್ಲಿ ಆ ಸಪ್ಪಳ ಬಹಳ ದೊಡ್ಡದಾಗಿ ಕೇಳಿಸಿತು. ಬೈಕಿನ ಮೇಲಿದ್ದವರಿಗೂ ಕೇಳಿಸಿತು.

"ಕೈ ಹೊರಗ ತಗಿ" ಎಂದಳು. ತನ್ನ ದನಿ ಅಷ್ಟು ಸಣ್ಣಗೆ ಬರುತ್ತದೆಂದು ಆಕೆಗೆ ಗೊತ್ತಿರಲಿಲ್ಲ. "ಖಾಲಿ ಕೈ ತಗಿ. ಸಾವಕಾಶ."

ಹಿಂದೆ ಕೂತವನು ಮುಂದಿನವನ ಕಡೆ ನೋಡಿದ. ಮುಂದಿನವನು ಪಿಸ್ತೂಲಿನ ಕಡೆ, ಆಮೇಲೆ ಆಕೆಯ ಮುಖದ ಕಡೆ ನೋಡಿದ. ಎಷ್ಟು ಹೊತ್ತು ಎಂದು ಆಮೇಲೆ ವರದಿಯಲ್ಲಿ ಬರೆಯಬೇಕಾಗಿ ಬಂದಾಗ ಪಂಪಾವತಿಗೆ ಹೇಳಲಾಗಲಿಲ್ಲ. ಕೈ ಹೊರಗೆ ಬಂತು, ಖಾಲಿಯಾಗಿತ್ತು.

"ಯಾಕ ಅಕ್ಕಾರ, ಜೀಪು ಕೆಟ್ಟೈತೇನೋ ಅಂತ ನಿಂತೀವಿ" ಎಂದ ಹಳೆಯ ಗಿರಾಕಿ. ಗಾಜು ಇಳಿಸಿದ. ಬೈಕು ಲಿಂಗಸುಗೂರಿನ ಕಡೆ ಹೋಗದೆ, ತಿರುಗಿ ಬಂದ ದಾರಿಯಲ್ಲೇ ಹೋಯಿತು. ಬೆನ್ನಟ್ಟುವಂತಿರಲಿಲ್ಲ, ಸಾಕ್ಷಿಯನ್ನು ಬಿಟ್ಟು ಎಲ್ಲಿಗೂ ಹೋಗಬಾರದು. ದುರುಗೇಶ ವೈರ್‌ಲೆಸ್ಸಿನಲ್ಲಿ ಹೇಳಿದ. ಬೈಕು ಸಿಗಲಿಲ್ಲ. ಚೀಲದಲ್ಲಿ ಏನಿತ್ತೆಂಬುದು ಇವತ್ತಿಗೂ ಗೊತ್ತಿಲ್ಲ.

ಏರಿದ ಗುಂಡನ್ನು ಇಳಿಸಿ ಪಿಸ್ತೂಲನ್ನು ಒರೆಗೆ ಸೇರಿಸಲು ಪಂಪಾವತಿ ಮೂರು ಸಲ ಪ್ರಯತ್ನಿಸಬೇಕಾಯಿತು. ಜುಬೇದಾಬೀ ಬಾಯಿ ಒರೆಸಿಕೊಂಡು ಸೀಟಿಗೆ ಬಂದು ಕೂತಳು.

"ಸರಿ ಆಗೈತಿ ಹಂಗಾರ" ಎಂದಳು.

"ಏನು ಚಾಚಿ?"

"ಅದು. ನೀ ಬಂದ ದಿನಾನ ನನಗ ಗೊತ್ತಾಗಿತ್ತು. ನೆಟ್ಟಗಿದ್ದ ಸಾಮಾನು ಯಾರೂ ಹಂಗ ಪದೇ ಪದೇ ಮುಟ್ಟಿ ನೋಡಂಗಿಲ್ಲ."

"ಮತ್ತ ಹಂಗ್ಯಾಕ ಸುಮ್ಮನಿದ್ರಿ? ನಿದ್ದಿ ಮಾಡ್ತಿದ್ರಲ್ಲ."

"ಗ್ವಾಡಿ ಕಡೆ ಮುಖ ಮಾಡಿ ಮಲಗ್ತಿದ್ದೆ. ನಿದ್ದಿ ಯಾರಿಗೆ ಬಂದಿತ್ತು?"

ಕೋರ್ಟಿನಲ್ಲಿ ಜುಬೇದಾಬೀ ಎರಡು ತಾಸು ನಿಂತಳು. ಎದುರು ವಕೀಲ ಆಕೆಯ ಕಣ್ಣಿನ ಬಗ್ಗೆ, ವಯಸ್ಸಿನ ಬಗ್ಗೆ, ಆ ದಿನ ಬಾಣಲೆಯಿಂದ ಏಳುತ್ತಿದ್ದ ಹೊಗೆಯ ಬಗ್ಗೆ ಕೇಳಿದ. ಆಕೆ ಮೂವರನ್ನೂ ಬೆರಳು ಮಾಡಿ ತೋರಿಸಿದಳು. ಏಳು ತಿಂಗಳ ಮೇಲೆ ತೀರ್ಪು ಬಂದಾಗ ಇಬ್ಬರಿಗೆ ಶಿಕ್ಷೆಯಾಯಿತು, ಒಬ್ಬ ಬಿಡುಗಡೆಯಾದ.

ಶಿವಕಾಂತ ಬರೆದ ವರದಿಯಿಂದಾಗಿ ಆ ಪೆಟ್ಟಿಗೆಗಳ ಮ್ಯಾಗಝೀನುಗಳನ್ನೆಲ್ಲ ವಾಪಸು ತರಿಸಿ ಅಳೆದರು. ಇನ್ನೂ ನಾಲ್ಕರಲ್ಲಿ ಅದೇ ಅಂಚು ತೆರೆದಿತ್ತು. ಅವುಗಳಲ್ಲಿ ಒಂದು ಅಂಜಲಿಯ ಬಳಿಯಿತ್ತು. ಫೋನಿನಲ್ಲಿ ಅದನ್ನು ಕೇಳಿ ಪಂಪಾವತಿ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತುಬಿಟ್ಟಳು. ತಾನು ಹಟ್ಟಿಯಲ್ಲಿದ್ದ ಆ ಮಧ್ಯಾಹ್ನ, ಹೋಟೆಲಿನ ಗೋಡೆಗೆ ಒರಗಿ ಕೂತಿದ್ದ ಆ ಹುಡುಗಿಗೆ ಅಂಜಬೇಕೆಂಬುದು ಕೂಡ ಗೊತ್ತಿರಲಿಲ್ಲ. ಹವಾಲ್ದಾರ ಮುಂದಿನ ಅಭ್ಯಾಸದ ದಿನ ಎದುರಾದಾಗ, "ಚಹಾ ಆತೇನ್ರಿ?" ಎಂದಷ್ಟೇ ಕೇಳಿದ.

ರಸ್ತೆಯ ಆ ಪ್ರಸಂಗದಿಂದಾಗಿ ಸಾಕ್ಷಿಯ ದಿನದ ನಂತರವೂ ಮುಂದುವರಿಸಿದ್ದ ಕಾವಲನ್ನು ತೀರ್ಪಾದ ಎರಡು ತಿಂಗಳಿಗೆ ತೆಗೆದುಹಾಕುವ ಆದೇಶ ಬಂತು. ಪಂಪಾವತಿ ಚೀಲ ಕಟ್ಟಿಕೊಂಡು ಹೋಟೆಲಿನ ಮುಂದೆ ನಿಂತಳು.

"ನಾಳಿಂದ ಯಾರು ಬರ್ತಾರ?" ಎಂದಳು ಜುಬೇದಾಬೀ.

"ಯಾರೂ ಇಲ್ಲ ಚಾಚಿ. ನನ್ನ ನಂಬರ್ ಐತಲ್ಲ. ಯಾವ ಹೊತ್ತಿಗಾದ್ರೂ ಮಾಡ್ರಿ."

ಜುಬೇದಾಬೀ ತಲೆಯಾಡಿಸಿದಳು. ಗ್ಯಾಸಿನ ಒಲೆ ಆರಿಸಿದಳು. ಇಪ್ಪತ್ತು ವರ್ಷದಿಂದ ಆಕೆ ರಸ್ತೆಗೆ ಬೆನ್ನು ಮಾಡಿ ಮಿರ್ಚಿ ಕರಿಯುತ್ತಿದ್ದಳು.

"ಹೋಗೂಕಿಂತ ಮೊದ್ಲ ಒಂಚೂರು ಕೈ ಹಚ್ಚು. ಈ ಒಲಿ ಇಟ್ಟ ಮೇಜು ತಿರುಗಿಸಿ ಇಡೂಣು."

ಇಬ್ಬರೂ ಸೇರಿ ಎಣ್ಣೆಯ ಬಾಣಲೆ ಇಳಿಸಿದರು, ಸಿಲಿಂಡರ್ ಸರಿಸಿದರು, ಮೇಜನ್ನು ಎತ್ತಿ ತಿರುಗಿಸಿದರು. ಜುಬೇದಾಬೀ ಅದರ ಹಿಂದೆ ಹೋಗಿ ನಿಂತು, ಗಂಗಾವತಿಯ ಕಡೆಗೊಮ್ಮೆ, ಪೇಟೆಯ ಕಡೆಗೊಮ್ಮೆ ರಸ್ತೆ ಪೂರ್ತಿ ಕಾಣುತ್ತದೆಯೇ ಎಂದು ನೋಡಿಕೊಂಡಳು. ಆಮೇಲೆ ಒಲೆ ಹಚ್ಚಿದಳು.